ರಾಜಧಾನಿಯ ಅಡಗೂಲಜ್ಜಿ

ಗೋವಿಂದಮ್ಮನ ಕತೆಗಳಲ್ಲಿ ರಾಜಧಾನಿಗೆ ಹೊರಟವರು ಯಾರೂ ಇಳಿದುಕೊಳ್ಳುವ ಜಾಗದ ಚಿಂತೆ ಮಾಡಿದವರಲ್ಲ. ರಾಜಕುಮಾರನಾಗಲಿ, ಸೌದೆ ಮಾರುವವನ ಮಗಳಾಗಲಿ, ಏಳು ಬೆಟ್ಟ ಏಳು ಹೊಳೆ ದಾಟಿ ಊರಬಾಗಿಲಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಅಲ್ಲೇ ಕೋಟೆಗೋಡೆಗೆ ಒರಗಿಕೊಂಡ ಹಾಗೆ ಒಂದು ಗುಡಿಸಲು, ಗುಡಿಸಲಿನಲ್ಲಿ ಅಡಗೂಲಜ್ಜಿ. ಯಾರು, ಏನು, ಎತ್ತ ಎಂದು ಕೇಳದೆ ಅವಳು ಕಾಲಿಗೆ ನೀರು ಕೊಟ್ಟು, ಉಣ್ಣಲಿಕ್ಕಿ, ಚಾಪೆ ಹಾಸುತ್ತಿದ್ದಳು. ಕೊಟ್ಟರೆ ಒಂದು ಹೊನ್ನು ಇಸಿದುಕೊಳ್ಳುವಳು, ಇಲ್ಲದಿದ್ದರೆ ಕೂತು ಹೂವು ಕಟ್ಟಿಕೊಡು ಅನ್ನುವಳು. ಬಿಳಿಗೆರೆಯ ಮನೆಯ ಜಗಲಿಯಲ್ಲಿ ಮೊಮ್ಮಗಳು ಪವಿತ್ರಳಿಗೆ ಈ ಕತೆಗಳನ್ನು ಗೋವಿಂದಮ್ಮ ಅದೆಷ್ಟು ಸಲ ಹೇಳಿದ್ದಳೋ. ಹುಡುಗಿ ಎಂ.ಎ. ಓದಿ, ಮೈಸೂರಿನಲ್ಲಿ ಹಳೆಯ ಹಸ್ತಪ್ರತಿಗಳ ಧೂಳೊರೆಸಿ ಜೋಡಿಸುವ ಗುತ್ತಿಗೆ ಕೆಲಸಕ್ಕೆ ಸೇರಿದ ಮೇಲೂ, ಯಾವ ಊರಿನ ಹೆಸರು ಬಂದರೂ "ಅಲ್ಲಿ ಅಡಗೂಲಜ್ಜಿ ಇರ್ತಾಳಾ ಅಜ್ಜಿ?" ಎಂದು ಕೇಳಿ ನಗುತ್ತಿದ್ದಳು.

ಆ ಪವಿತ್ರಳಿಗೆ ಕಠ್ಮಂಡುವಿನಿಂದ ಪತ್ರ ಬಂತು. ಹರಿದ, ಹುಳ ತಿಂದ ಹಳೆಯ ಕಾಗದಗಳಿಗೆ ಕೈಕಾಗದದ ತೇಪೆ ಹಾಕಿ ಉಳಿಸುವ ಕೆಲಸ. ಮೂರು ತಿಂಗಳ ತರಬೇತಿ. ಕಲಿಯುವುದಕ್ಕೆ ಕಾಸು ಕೊಡಬೇಕಿಲ್ಲ, ಮಧ್ಯಾಹ್ನದ ಊಟವೂ ಅವರದೇ. ಇರುವ ಜಾಗವನ್ನು ಮಾತ್ರ ತಾವೇ ನೋಡಿಕೊಳ್ಳಬೇಕು. ಕಲಿತು ಬಂದರೆ ಕೆಲಸ ಕಾಯಂ ಮಾಡಿಸಬಹುದು ಎಂದು ಅವಳ ಮೇಲಿನವರು ಹೇಳಿದ್ದರು.

ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದ ರಾಜೇಂದ್ರ ಮಗಳ ಪತ್ರವನ್ನು ಎರಡು ಸಲ ಓದಿ, ಮಡಿಚಿ, ಟೀವಿಯ ಮೇಲಿಟ್ಟ.

"ಒಬ್ಳನ್ನೇ ಅಷ್ಟು ದೂರ ಕಳ್ಸಾಕಿಲ್ಲ."

ಪವಿತ್ರ ತಲೆ ತಗ್ಗಿಸಿದಳು. ಅವರೆಕಾಯಿ ಬಿಡಿಸುತ್ತ ಕೂತಿದ್ದ ಗೋವಿಂದಮ್ಮ ತಲೆ ಎತ್ತಿದಳು. ಎದುರಿನ ಗೋಡೆಯಲ್ಲಿ ರಾಜೇಂದ್ರನೇ ಕಟ್ಟು ಹಾಕಿಸಿ ತಂದ ಬುದ್ಧನ ಪಟವಿತ್ತು.

"ಏನ್ಲಾ ರಾಜೇಂದ್ರ, ದಿನಾ ಎದ್ದು ಆ ಮಾರಾಯಂಗೆ ಊದಿನಕಡ್ಡಿ ಅಚ್ತೀಯ. ಅವನು ಉಟ್ಟಿದ್ ದೇಸಕ್ಕೆ ಮಗಳನ್ನ ಕಳ್ಸು ಅಂದ್ರೆ ನಡುಗ್ತೀಯಲ್ಲ. ಅವನು ಎಂಡ್ತಿ ಮಗ ಎಲ್ಲ ಬುಟ್ಟು ಒಬ್ನೇ ಎದ್ದೋದ. ಅವನ್ನ ಯಾರ್ಲಾ ತಡೆದ್ರು?"

ಒಳಗಿನಿಂದ ಸೊಸೆ ಪುಟ್ಟಲಕ್ಷ್ಮಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

"ಅವ್ವ, ಅದೂ ಇದೂ ಒಂದಾ?"

"ಆಯ್ತು, ಎರಡು ಅನ್ಕೋ. ನಾನೂ ಓಯ್ತೀನಿ ಕೂಸಿನ ಜೊತೇಲಿ. ಬೇಯ್ಸಿ ಆಕ್ಕೊಂಡು ಇರ್ತೀನಿ."

"ನಿಂಗೆ ಪಾಸ್‌ಪೋರ್ಟ್ ಎಲ್ಲದೆ?"

"ನೇಪಾಳಕ್ಕೆ ವೋಟಿನ ಕಾರ್ಡ್ ಸಾಕಂತಲ್ಲ, ಕೂಸು ಯೇಳ್ತು. ನಲವತ್ತು ವರ್ಸದಿಂದ ವೋಟ್ ಆಕಿವ್ನಿ. ಅದರಿಂದ ನಂಗೆ ಒಂದು ಉಪ್ಪಿನಕಲ್ಲಷ್ಟು ಸಿಕ್ಕಿಲ್ಲ. ಇದೊಂದಕ್ಕಾದ್ರೂ ಬರ್ಲಿ ಬುಡು."

ರಾಜೇಂದ್ರ ಸೋತ. ಸೋತರೂ ಅಪ್ಪನಲ್ಲವೇ, ಒಂದು ಗೂಟ ಬಡಿದೇ ಬಿಟ್ಟ. "ಅಲ್ಲಿಗೆ ಇಳಿದ್ ಮೇಲೆ ಹದಿನೈದು ದಿನ ಕೊಡ್ತೀನಿ. ಅಷ್ಟರಾಗೆ ಮಾನವಾಗಿ ಇರೋ ಅಂಥ ಜಾಗ ಸಿಕ್ಕದೆ ಓದ್ರೆ, ಇಬ್ರೂ ಬಾಯ್ ಮುಚ್ಕೊಂಡು ವಾಪಸ್ ಬರ್ಬೇಕು. ಆಮೇಲೆ ನನ್ನ ಅನ್ಬಾರ್ದು."

ರಾಗಿಹಿಟ್ಟು, ಉಪ್ಪಿನಕಾಯಿ, ಹುರುಳಿಕಾಳು, ಒಂದು ಹೊಸ ಪುಟ್ಟ ಪಾತ್ರೆ, ಎರಡು ಸೀರೆ ಸೇರಿ ಗೋವಿಂದಮ್ಮನ ಗಂಟಾಯಿತು. ರೈಲು, ಮತ್ತೆ ರೈಲು, ಗೋರಖಪುರದಿಂದ ಬಸ್ಸು. ಗಡಿಯಲ್ಲಿ ಪೊಲೀಸಿನವನು ವೋಟಿನ ಕಾರ್ಡಿನ ಫೋಟೊ ನೋಡಿ, ಮುದುಕಿಯ ಮುಖ ನೋಡಿ, ಕಾರ್ಡನ್ನು ತಿರುಗಿ ಕೊಟ್ಟ. ಅಷ್ಟೇ. ದೇಶ ದಾಟುವುದೆಂದರೆ ಇಷ್ಟೇನಾ ಎಂದು ಗೋವಿಂದಮ್ಮನಿಗೆ ಕೊಂಚ ನಿರಾಸೆಯೇ ಆಯಿತು. ಕತೆಯಲ್ಲಾದರೆ ಅಲ್ಲೊಬ್ಬ ರಾಕ್ಷಸನಾದರೂ ಇರುತ್ತಿದ್ದ.

ಕಠ್ಮಂಡು ಮಾತ್ರ ಕತೆಗೆ ಮೋಸ ಮಾಡಲಿಲ್ಲ. ಹಳೆಯ ಊರಿನ ಗಲ್ಲಿಗಳಲ್ಲಿ ಇಟ್ಟಿಗೆಯ ಮನೆಗಳು ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಂತಿದ್ದವು. ಕಿಟಕಿ ಕಿಟಕಿಗೂ ಮರದ ಕೆತ್ತನೆ, ನವಿಲು, ಹಾವು, ಹೆಣ್ಣುಮಕ್ಕಳು. ತಿರುವಿಗೊಂದು ದೇವರು. "ಇಲ್ಲಿ ರಾಜ್ರು ಎಷ್ಟು ಜನ ಇದ್ದಿರ್ಬೇಕು!" ಎಂದು ಗೋವಿಂದಮ್ಮ ಬಾಯಿ ತೆರೆದುಕೊಂಡು ನಡೆದಳು. ಆದರೆ ರಾಜಧಾನಿಯಲ್ಲಿ ಇರುವುದು ನೋಡಿದಷ್ಟು ಸುಲಭವಾಗಿರಲಿಲ್ಲ. ಇಳಿದುಕೊಂಡಿದ್ದ ಲಾಡ್ಜಿನಲ್ಲಿ ದಿನದ ಬಾಡಿಗೆ. ಹಾಗೇ ಇದ್ದರೆ ಕೈಯಲ್ಲಿದ್ದದ್ದು ಇಪ್ಪತ್ತು ದಿನಕ್ಕೆ ಮುಗಿಯುತ್ತಿತ್ತು. ಪವಿತ್ರ ಬೆಳಗ್ಗೆ ತರಬೇತಿಗೆ ಹೋಗಿ, ಸಂಜೆ ಅಜ್ಜಿಯನ್ನು ಕರೆದುಕೊಂಡು ತಿಂಗಳ ಬಾಡಿಗೆಯ ಕೋಣೆ ಹುಡುಕತೊಡಗಿದಳು.

ಐದನೆಯ ದಿನ ಒಂದು ಒಳ್ಳೆಯ ಕೋಣೆ ಸಿಕ್ಕಿತ್ತು. ಬಿಸಿಲು ಬರುವ ಕಿಟಕಿ, ಹತ್ತಿರದಲ್ಲೇ ನೀರು. ಯಜಮಾನ ಹಿಂದಿಯಲ್ಲಿ ಹೆಸರು ಕೇಳಿದ.

"ಪವಿತ್ರ ಬಿ.ಆರ್."

"ಬಿ.ಆರ್. ಅಂದರೆ?"

"ಬಿಳಿಗೆರೆ ರಾಜೇಂದ್ರ. ಊರು, ಅಪ್ಪನ ಹೆಸರು."

"ಅದಲ್ಲ, ಮನೆತನದ ಹೆಸರು? ನೀವು ಯಾವ ಜನ?"

ಗೋವಿಂದಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಆದರೂ ಅವನು ಕೇಳಿದ ರೀತಿ, ಕೇಳಿ ತುಸು ಹಿಂದೆ ಸರಿದ ಕತ್ತು, ಅವಳಿಗೆ ಸಣ್ಣಂದಿನಿಂದ ಗೊತ್ತಿದ್ದದ್ದೇ. ಪವಿತ್ರ "ನಾವು ಬೌದ್ಧರು" ಅಂದಳು. ಅವನು ಮತ್ತೆ ಏನೋ ಕೇಳಿದ. ಪವಿತ್ರ ಮತ್ತೆ ಅದನ್ನೇ ಹೇಳಿದಳು. ಕೋಣೆಯನ್ನು ನಿನ್ನೆಯೇ ಯಾರೋ ಕೇಳಿಹೋಗಿದ್ದು ಅವನಿಗೆ ಆಗ ನೆನಪಾಯಿತು.

ಗಲ್ಲಿಗೆ ಬಂದ ಮೇಲೆ ಗೋವಿಂದಮ್ಮ, "ಏಳ್ ಒಳೆ ದಾಟ್ಕೊಂಡ್ ಬಂದ್ರೂ ಇದೇನಾ ಕಣವ್ವ" ಎಂದಳು, ಸ್ವಲ್ಪ ಜೋರಾಗಿಯೇ.

"ಊಟ ಆಯ್ತಾ ಅಜ್ಜಿ?"

ಇಬ್ಬರೂ ಬೆಚ್ಚಿ ತಿರುಗಿದರು. ಹೊಲಿಗೆ ಅಂಗಡಿಯೊಂದರಲ್ಲಿ, ಮೆಷಿನ್ನಿನ ಹಿಂದೆ, ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡ ನೇಪಾಳಿಯೊಬ್ಬ ಹಲ್ಲು ಬಿಟ್ಟು ನಗುತ್ತಿದ್ದ. ಹೆಸರು ಕೃಷ್ಣ. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ನಲ್ಲಿದ್ದವನು. "ಸ್ವಲ್ಪ ಸ್ವಲ್ಪ ಕನ್ನಡ ಬರ್ತದೆ. ಬೈಯೋದು ಪೂರ್ತಿ ಬರ್ತದೆ" ಎಂದ. ಗೋವಿಂದಮ್ಮನಿಗೆ ಅವನ ಕೆನ್ನೆ ಸವರಬೇಕೆನ್ನಿಸಿತು. ಅವನೇ ಎದುರಿನ ಮನೆ ತೋರಿಸಿದ.

ಆ ಮನೆಗೆ ಪಕ್ಕದಿಂದ ಮೂರು ದಪ್ಪ ಮರದ ಊರುಗೋಲು ಕೊಟ್ಟಿದ್ದರು. ಕೆಳಗೆರಡು ಅಂತಸ್ತು ಹಳೆಯ ಇಟ್ಟಿಗೆ, ಮೇಲೆ ತಗಡಿನ ಮಾಡು. ಒಳಗೆ ಚಿರಿಮಾಯಾ ಎಂಬ ಎಪ್ಪತ್ತರ ಹೆಂಗಸು ಹತ್ತಿಯ ಗುಡ್ಡೆ ಮುಂದಿಟ್ಟುಕೊಂಡು ದೀಪದ ಬತ್ತಿ ಹೊಸೆಯುತ್ತಿದ್ದಳು. ಕಡ್ಡಿಯಂಥ ಮೈ, ಹಣೆಗಿಂತ ದೊಡ್ಡ ಕಣ್ಣು. ಹೆಸರು ಕೇಳಲಿಲ್ಲ. ಜನ ಕೇಳಲಿಲ್ಲ. ಕೈ ನಿಲ್ಲಿಸದೆ ಒಂದೇ ಮಾತು ಕೇಳಿದಳು. ಕೃಷ್ಣ ಕನ್ನಡಕ್ಕೆ ತಂದ: "ಗೋಡೆ ನೋಡಿದ್ರಾ, ಭಯ ಆಗಲ್ವಾ ಅಂತ."

"ನಮ್ಮ ಮನೆ ಇತ್ತಿಲ ಗೋಡೆಗೂ ಇಂಗೇ ಕೋಲು ಕೊಟ್ಟು ನಿಲ್ಸಿದ್ದೋ ಅನ್ನು" ಎಂದಳು ಗೋವಿಂದಮ್ಮ.

ತಿಂಗಳಿಗೆ ಅಲ್ಲಿಯ ಎಂಟು ಸಾವಿರ, ಅಂದರೆ ನಮ್ಮ ಐದು ಸಾವಿರ. ನಡುವಿನ ಅಂತಸ್ತಿನ ಕೋಣೆ ಇವರಿಗೆ, ಕೆಳಗಿನ ಅಡುಗೆಮನೆ ಹಂಚಿಕೊಳ್ಳಬಹುದು. ಆದರೆ ಮೊದಲು ಒಂದು ವಾರ ಮಾತ್ರ; ಹಿಂದೆ ಬಂದವರು ನಾಲ್ಕೇ ದಿನಕ್ಕೆ ಗೋಡೆ ನೋಡಿ ಓಡಿಹೋಗಿದ್ದರು. ವಾರ ಇದ್ದು ನೋಡಲಿ, ಆಮೇಲೆ ಮೂರು ತಿಂಗಳ ಮಾತು.

ರಾತ್ರಿ ಚಾಪೆಯ ಮೇಲೆ ಪವಿತ್ರ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಸಿಕ್ಕಿದ್ಳಲ್ಲ ಅಜ್ಜಿ, ಅಡಗೂಲಜ್ಜಿ."

"ಸುಮ್ಕಿರು. ವಾರ ಕಳೀಲಿ."

ಆ ವಾರ ಇಬ್ಬರು ಮುದುಕಿಯರು ಇಡೀ ದಿನ ಎದುರುಬದುರು ಕೂರುತ್ತಿದ್ದರು. ಒಬ್ಬಳದು ಕನ್ನಡ, ಇನ್ನೊಬ್ಬಳದು ಆ ಕಣಿವೆಯ ನೇವಾರಿ ಮಾತು. ಗೋವಿಂದಮ್ಮ ಅವಳನ್ನು ಮಾಯಮ್ಮ ಎಂದು ಕರೆಯತೊಡಗಿದಳು. ಅದು ನಮ್ಮ ಕಡೆಯ ಹೆಸರೇ ಆಗಿಹೋಯಿತು. ಮೊದಲ ದಿನ ರಾಗಿಮುದ್ದೆ ತಿರುವುವಾಗ ಮಾಯಮ್ಮ ಬಗ್ಗಿ ನೋಡಿ, ಬೆರಳಲ್ಲಿ ಚಿವುಟಿ ಬಾಯಿಗೆ ಹಾಕಿಕೊಂಡು, "ಢಿಂಡೋ!" ಎಂದು ಕೂಗಿ, ತನ್ನ ಡಬ್ಬದಿಂದ ಕಂದು ಹಿಟ್ಟು ತಂದು ತೋರಿಸಿದಳು. ರಾಗಿಯೇ. "ಅಯ್ಯೋ ನಿನ್ನ, ನಾನು ಎರಡು ರೈಲಲ್ಲಿ ಒತ್ಕೊಂಡ್ ಬಂದ್ನಲ್ಲೇ!" ಎಂದು ಗೋವಿಂದಮ್ಮ ಹಣೆ ಚಚ್ಚಿಕೊಂಡಳು. ಅಲ್ಲಿಂದ ಮುಂದೆ ಬತ್ತಿ ಹೊಸೆಯುವುದರಲ್ಲಿ ಇಬ್ಬರೂ ಒಂದಾದರು.

ಎರಡು ಸಂಗತಿ ಮಾತ್ರ ಗೋವಿಂದಮ್ಮನಿಗೆ ಕಸಿವಿಸಿ ಮಾಡಿದವು. ತಗಡಿನ ಮಾಡಿನ ಮೇಲಂತಸ್ತಿಗೆ ಹೋಗುವ ಏಣಿಮೆಟ್ಟಿಲನ್ನು ಮಾಯಮ್ಮ ಒಮ್ಮೆಯೂ ಹತ್ತುತ್ತಿರಲಿಲ್ಲ. ಮತ್ತೆ ಆ ಮನೆಯಲ್ಲಿ ಹಾಲು ಎನ್ನುವುದೇ ಇರಲಿಲ್ಲ. ಟೀ ಕರಿ ಟೀ. ಬೆಳಿಗ್ಗೆ ಗಲ್ಲಿಯಲ್ಲಿ ಹಾಲಿನವನು ಕೂಗಿದರೆ ಮಾಯಮ್ಮ ಕೂತಲ್ಲೇ ಗೋಡೆಯ ಕಡೆ ತಿರುಗುತ್ತಿದ್ದಳು. "ಬಡವಿ ಕಣ್ ಕೂಸು, ಕಾಸು ಉಳ್ಸ್ತಾಳೆ" ಎಂದಳು ಗೋವಿಂದಮ್ಮ.

ವಾರ ತುಂಬಿದ ಸಂಜೆ ಮಾಯಮ್ಮ ಕೆಂಪು ದಾರ ಕಟ್ಟಿದ ಬೀಗದ ಕೈಯನ್ನು ತಂದು ಗೋವಿಂದಮ್ಮನ ಅಂಗೈಯಲ್ಲಿಟ್ಟು, ಮೂರು ಬೆರಳು ತೋರಿಸಿದಳು. ಮೂರು ತಿಂಗಳು. ಪವಿತ್ರ ಕುಣಿದಾಡಿ ಆಗಲೇ ಅಪ್ಪನಿಗೆ ಫೋನ್ ಮಾಡಹೊರಟಳು.

"ತಡಿ," ಎಂದಳು ಅಜ್ಜಿ. "ಇನ್ನೂ ಮೂರು ದಿನ ಗಡುವು ಅದೆ. ಆಲುಕ್ಸ್ದೆ ಮನೆ ಸಿಕ್ತು ಅನ್ನಾಕಾಯ್ತದಾ?"

ಸರಿಯಲ್ಲವೇ. ಬಿಳಿಗೆರೆಯಲ್ಲಿ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಹೊಸ ಮನೆಗೆ ಹೋದವರು ಮೊದಲು ಮಾಡುವ ಕೆಲಸ ಅದು. ಹೊಸ ಪಾತ್ರೆಯಲ್ಲಿ ಹಾಲಿಟ್ಟು, ಮೂಡಲಿಗೆ ಮುಖ ಮಾಡಿ ನಿಂತು, ಹಾಲು ಅಂಚು ಮೀರಿ ಉಕ್ಕಿ ಒಲೆಗೆ ಹರಿಯುವ ತನಕ ಕೈ ಹಚ್ಚಬಾರದು. ಉಕ್ಕಿದಷ್ಟು ಮನೆ ಉಕ್ಕುತ್ತದೆ. ಉಳಿದದ್ದಕ್ಕೆ ಸಕ್ಕರೆ ಹಾಕಿ ಮನೆಯಲ್ಲಿರುವವರೆಲ್ಲ ಕುಡಿಯಬೇಕು. ರಾಜೇಂದ್ರ ಇಂಥವನ್ನೆಲ್ಲ ಮೌಢ್ಯ ಅನ್ನುವವನು, ಅವನೂ ಹೊಸ ಮನೆ ಕಟ್ಟಿದಾಗ ಒಲೆಯ ಮುಂದೆ ಕೈಕಟ್ಟಿ ನಿಂತಿದ್ದ. ಹೊಸ ಪಾತ್ರೆಯನ್ನು ಗಂಟಿನಲ್ಲಿ ಕಟ್ಟಿ ತಂದದ್ದೇ ಇದಕ್ಕೆ. ಈ ಮನೆಯೂ ಪಾಪ, ಕೋಲು ಊರಿಕೊಂಡು ನಿಂತಿದೆ. ಹಾಲುಕ್ಕಿ ಎಷ್ಟು ವರ್ಷವಾಯಿತೋ.

ಮಾರನೆಯ ದಿನ ಶನಿವಾರ, ಅಲ್ಲಿ ರಜೆ. ಮಾಯಮ್ಮ ಬತ್ತಿಯ ಬುಟ್ಟಿ ಎತ್ತಿಕೊಂಡು ದೇವಸ್ಥಾನದ ಬಾಗಿಲಿಗೆ ಮಾರಲು ಹೋದಳು. ಪವಿತ್ರ ನಡುವಿನ ಅಂತಸ್ತಿನ ತಮ್ಮ ಕೋಣೆಯಲ್ಲಿ ತಲೆಗೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದಳು. ಗೋವಿಂದಮ್ಮ ಅಂಗಡಿಯಿಂದ ತಂದ ಹಾಲನ್ನು ಹೊಸ ಪಾತ್ರೆಗೆ ಸುರಿದು ಗ್ಯಾಸ್ ಹಚ್ಚಿದಳು. ಮೂಡಲು ಯಾವುದೆಂದು ಕಿಟಕಿಯ ಬಿಸಿಲು ನೋಡಿ ಗೊತ್ತು ಮಾಡಿಕೊಂಡಳು. ಹಾಲು ಮೊದಲು ನಡುಗಿತು, ಆಮೇಲೆ ಅಂಚಿನಲ್ಲಿ ಸಣ್ಣ ಗುಳ್ಳೆ ಕಟ್ಟಿತು, ಆಮೇಲೆ ಒಮ್ಮೆಗೇ ಬೆಳ್ಳಗೆ ಎದ್ದು ನಿಂತಿತು.

"ಉಕ್ಕವ್ವ ಉಕ್ಕು, ನನ್ನ ಕೂಸಿನ ಕಲಿಕೆ ಉಕ್ಲಿ, ಮಾಯಮ್ಮನ ಮನೆ ಉಕ್ಲಿ..."

ಹಾಲು ನಾಲ್ಕೂ ಕಡೆ ಇಳಿದು ಚುರ್ರೆಂದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಬುಟ್ಟಿ ಬಿದ್ದ ಸದ್ದು.

ಮಾಯಮ್ಮ ನಿಂತಿದ್ದಳು. ಕಣ್ಣು ಒಲೆಯ ಮೇಲೆ. ಅವಳ ಬಾಯಿಂದ ಬಂದ ಕೂಗನ್ನು ಗೋವಿಂದಮ್ಮ ಮನುಷ್ಯರ ಬಾಯಿಂದ ಕೇಳಿದ್ದಿಲ್ಲ. ಓಡಿಬಂದು ಗೋವಿಂದಮ್ಮನ ರೆಟ್ಟೆಗೆ ಕೈಹಾಕಿದಳು. ಆ ಕಡ್ಡಿಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ದರದರ ಎಳೆದು, ಹೊಸ್ತಿಲು ದಾಟಿಸಿ, ಅಂಗಳದ ಕಲ್ಲಿನ ಮೇಲೆ ಬರಿಗಾಲಲ್ಲಿ ತಂದು ನಿಲ್ಲಿಸಿ, ಮತ್ತೆ ಒಳಗೆ ಓಡಿದಳು. ಒಳಗೆ ಕೂಗಾಟ. ಒದ್ದೆ ಕೂದಲ ಪವಿತ್ರಳನ್ನೂ ಹಾಗೇ ಕೈಹಿಡಿದು ಎಳೆದು ತಂದು ಅಂಗಳಕ್ಕೆ ದಬ್ಬಿದಳು. ಕಿಟಕಿಗಳು ತೆರೆದುಕೊಂಡವು. ಜನ ಬಗ್ಗಿ ನೋಡಿದರು.

ಗೋವಿಂದಮ್ಮನಿಗೆ ಅರವತ್ತೇಳು ವರ್ಷ. ಅಂಗಳದಲ್ಲಿ ನಿಂತವಳಿಗೆ ಏಳು.

ಸೋಸಲೆಯ ಬಳಿ ಅವಳ ತವರಿನ ಹಟ್ಟಿ. ಅವ್ವ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಹೋದಾಗ ಹಿಂದೆ ಹೋಗಿದ್ದಳು. ಒಳಗೆ ಒಲೆಯ ಮೇಲೆ ಹಾಲು ಉಕ್ಕುವುದು ಬಾಗಿಲಿನಿಂದ ಕಾಣಿಸಿತು, ಯಾರೂ ಇರಲಿಲ್ಲ. ಪಾಪ, ಹಾಲು ಹಾಳಾಗುತ್ತದಲ್ಲ ಎಂದು ಮಗು ಒಳಗೆ ಓಡಿ ಪಾತ್ರೆ ಇಳಿಸಲು ಕೈಚಾಚಿತ್ತು. ಆಗ ರೆಟ್ಟೆಗೆ ಬಿದ್ದ ಕೈಯೂ ಇಂಥದೇ. ದರದರ ಎಳೆದು ಅಂಗಳಕ್ಕೆ ಎಸೆದ ಕೈ. ಆ ಹಾಲನ್ನು ಅವರು ತಿಪ್ಪೆಗೆ ಚೆಲ್ಲಿದರು.

"ಕೂಸು," ಎಂದಳು ಗೋವಿಂದಮ್ಮ. ದನಿ ತಣ್ಣಗಿತ್ತು. "ಗಂಟು ಕಟ್ಟು. ಓಗವ."

"ಅಜ್ಜಿ, ಏನಾಯ್ತು ಅಂತ ಕೇಳೋಣ..."

"ಏನ್ ಕೇಳೀಯೆ? ಅವರ ಒಲೆ ಮುಟ್ದೆ. ಆಚೆಗೆ ಆಕಿದ್ರು. ನಂಗೇನು ಒಸದಾ ಇದು?"

"ವಾರದಿಂದ ಮುಟ್ತಾನೇ ಇದ್ದೀಯಲ್ಲ ಅಜ್ಜಿ!"

ಗೋವಿಂದಮ್ಮ ಕೇಳಿಸಿಕೊಳ್ಳಲಿಲ್ಲ. ಮೇಲೆ ಹೋಗಿ ಸೀರೆ, ಹಿಟ್ಟಿನ ಚೀಲ, ಹುರುಳಿಕಾಳು ಎಲ್ಲ ಗಂಟಿಗೆ ತುರುಕಿದಳು. ಕೆಂಪು ದಾರದ ಬೀಗದ ಕೈಯನ್ನು ಕಿಟಕಿಯಲ್ಲಿಟ್ಟಳು. ಹಿಂದೆ ಬಂದ ಪವಿತ್ರ ಗ್ಯಾಸ್ ಆರಿಸಿದ್ದೇನೆಂದು ಹೇಳಿ ಗೋಡೆಗೆ ಒರಗಿ ನಿಂತಳು. ಕಲಿಯಲು ಬಂದ ಹುಡುಗಿ, ಹತ್ತೇ ದಿನ ತೇಪೆ ಹಾಕಲು ಕಲಿತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಬಾರದೆಂದು ಗೋವಿಂದಮ್ಮ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದಳು. ಊರಿಗೆ ಹೋಗಿ ರಾಜೇಂದ್ರನ ಮುಖ ನೋಡುವುದಿತ್ತು. ನಾನೇ ಹೋಗ್ತೀನಿ ಅಂತ ಹೊರಟವಳು ನಾನೇ ಕೆಡಿಸಿದೆನಲ್ಲ.

ಗಂಟು ಹೊತ್ತು ಕೆಳಗಿಳಿದಾಗ ಕೃಷ್ಣ ಅಂಗಳದಲ್ಲಿ ಅಡ್ಡ ನಿಂತಿದ್ದ. ಮಾಯಮ್ಮ ಮೆಟ್ಟಿಲ ಮೇಲೆ ಕೂತು ಎರಡೂ ಅಂಗೈಯನ್ನು ನೆಲದ ಕಲ್ಲಿಗೆ ಒತ್ತಿ ಹಿಡಿದಿದ್ದಳು, ಆಡುವ ತೊಟ್ಟಿಲನ್ನು ನಿಲ್ಲಿಸುವವಳ ಹಾಗೆ.

"ಎಲ್ಲಿಗೆ ಅಜ್ಜಿ?"

"ದಾರಿ ಬುಡಪ್ಪ. ನಿನ್ನಿಂದ ಉಪಕಾರ ಆಯ್ತು. ಆಚೆ ಆಕಿಸ್ಕೊಂಡ್ ಮೇಲೆ ನಿಲ್ಲೋ ಜನ ಅಲ್ಲ ನಾವು."

"ಆಚೆ ಹಾಕಿಲ್ಲ ಅಜ್ಜಿ," ಎಂದ ಕೃಷ್ಣ. "ಆಚೆ ತಂದಿದ್ದು. ನಿಮ್ಮನ್ನ ಉಳಿಸೋಕೆ."

ಗೋವಿಂದಮ್ಮ ಗಂಟು ಹೊತ್ತೇ ನಿಂತಳು. ಅವನು ತನ್ನ ಹರಕು ಕನ್ನಡದಲ್ಲಿ ಹೇಳಿದ:

"ಹತ್ತು ವರ್ಷ ಹಿಂದೆ ಭೂಕಂಪ ಆಯ್ತಲ್ಲ, ಟೀವೀಲಿ ನೋಡಿರ್ತೀರ. ಶನಿವಾರ, ಮಧ್ಯಾಹ್ನ ಹತ್ರ. ನಮ್ಮ ಹಳೆ ಮನೇಲಿ ಅಡುಗೆಮನೆ ಎಲ್ಲಾಕ್ಕಿಂತ ಮೇಲೆ ಇರ್ತದೆ. ಹಾಲು ಒಲೆ ಮೇಲಿತ್ತು. ಇವ್ರು ಕೆಳಗೆ ಬತ್ತಿ ಮಾಡ್ತಿದ್ರು. ಇವ್ರ ಗಂಡನಿಗೆ ಹೇಳಿದ್ರು, ವಾಸನೆ ಬರ್ತಿದೆ, ಹಾಲು ಉಕ್ತು, ಹೋಗಿ ನೋಡಿ ಅಂತ. ಅವ್ರು ಹತ್ತಿ ಹೋದ್ರು. ಅಷ್ಟೇ, ಅಲ್ಲಾಡ್ತು. ಮೇಲಿಂದು ಪೂರ್ತಿ ಬಿತ್ತು." ಅವನು ತಗಡಿನ ಮಾಡಿನ ಕಡೆ ಗಲ್ಲ ಎತ್ತಿದ. "ಆವತ್ತಿಂದ ಈ ಮನೇಲಿ ಹಾಲು ಇಲ್ಲ. ಇವತ್ತು ಬಾಗಿಲಿಗೆ ಬಂದ್ರೆ ಅದೇ ವಾಸನೆ, ಅದೇ ಶನಿವಾರ. ಒಳಗೆ ನೀವಿಬ್ರು."

ಗಂಟು ಹೆಗಲಿಂದ ತಾನೇ ಜಾರಿತು. ಪವಿತ್ರ ಹಿಡಿದುಕೊಂಡಳು.

ಅರವತ್ತು ವರ್ಷದ ಹಿಂದಿನ ಕೈಯನ್ನು ತಂದು ಈ ಮುದುಕಿಯ ತೋಳಿಗೆ ಅಂಟಿಸಿಬಿಟ್ಟೆನಲ್ಲ ಎಂದುಕೊಂಡಳು ಗೋವಿಂದಮ್ಮ. ರೆಟ್ಟೆ ನೋಡಿಕೊಂಡಳು. ಐದು ಬೆರಳ ಗುರುತು ಇನ್ನೂ ಕೆಂಪಗಿತ್ತು.

ಮಾಯಮ್ಮ ತಲೆ ಎತ್ತದೆ ಏನೋ ಹೇಳಿದಳು. ಕೃಷ್ಣ, "ನಿಮ್ಮ ಮೇಲೆ ಸಿಟ್ಟಿಲ್ಲ ಅಂತಾರೆ. ಆದ್ರೂ ನೀವು ಬೇರೆ ಮನೆ ನೋಡ್ಕೊಳ್ಳಿ ಅಂತಾರೆ. ಈ ಮನೇಲಿ ನಿಮ್ಗೆ ಏನಾದ್ರೂ ಆದ್ರೆ ಇನ್ನೊಂದು ಸಲ ತಡ್ಕೊಳೋಕೆ ಆಗಲ್ಲ ಅಂತಾರೆ" ಎಂದ.

ಪವಿತ್ರ ಕಣ್ಣು ಮುಚ್ಚಿಕೊಂಡಳು. ಗೋವಿಂದಮ್ಮ ಮಾತ್ರ ಹೋಗಿ ಮಾಯಮ್ಮನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಅವಳ ಹಾಗೇ ಎರಡು ಅಂಗೈಯನ್ನು ಕಲ್ಲಿನ ಮೇಲಿಟ್ಟಳು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು, ಅಲ್ಲಾಡುತ್ತಿರಲಿಲ್ಲ.

"ಮಾಯಮ್ಮ, ನಂಗೆ ತಿಳೀನಿಲ್ಲ ಕಣವ್ವ. ನಮ್ ಕಡೆ ಆಲು ಉಕ್ಕೋದು ಒಳ್ಳೇದಕ್ಕೆ. ನಿನ್ ಮನೆ ಬೆಳೀಲಿ ಅಂತ ಉಕ್ಸ್ದೆ." ಕೃಷ್ಣ ಅದನ್ನು ದಾಟಿಸಿದ. ಮಾಯಮ್ಮನ ಅಂಗೈ ಕಲ್ಲು ಬಿಡಲಿಲ್ಲ.

ಗೋವಿಂದಮ್ಮನಿಗೆ ಇನ್ನೇನೂ ತೋಚಲಿಲ್ಲ. ತೋಚದಾಗ ಅವಳು ಮಾಡುವುದು ಒಂದೇ, ಕತೆ ಹೇಳುವುದು.

"ನನ್ ತವರಿನ ಪಕ್ಕ ತಿರುಮಕೂಡಲು ಅಂತ. ಕಾವೇರಿ ಒಂದ್ ಕಡೆಯಿಂದ ಬತ್ತಾಳೆ, ಕಪಿಲೆ ಒಂದ್ ಕಡೆಯಿಂದ. ಮೂರು ಒಳೆ ಸೇರೋ ಜಾಗ ಅಂತ ದೇಸದ ಜನ ಎಲ್ಲ ಬಂದು ಮುಳುಗ್ತಾರೆ. ನಾನ್ ಸಣ್ಣೋಳಾಗಿದ್ದಾಗ ನಮ್ಮವ್ವ ಸೊಂಟದ್ ಮೇಲೆ ಕೂರಿಸ್ಕೊಂಡು, 'ನೋಡು, ಮೂರು ಒಳೆ' ಅಂದ್ಲು. ನಾನ್ ಎಷ್ಟ್ ಎಣಿಸಿದ್ರೂ ಎರಡೇ. 'ಮೂರ್ನೇದು ಎಲ್ಲವ್ವ?' ಅಂದೆ. 'ಅದು ತಳದಾಗೆ ಅದೆ, ಕಣ್ಗೆ ಕಾಣಾಕಿಲ್ಲ' ಅಂದ್ಲು. 'ಕಾಣ್ದೆ ಇದ್ಮೇಲೆ ಎರಡು ಅನ್ನಾದಲ್ವಾ?' ಅಂದೆ. ತಲೆ ಮೇಲೆ ಮೊಟಕಿದ್ಲು. 'ಕಾಣಾಕಿಲ್ಲ ಅಂತ ಎಣಿಸ್ದೆ ಬುಡ್ತಾರಾ?' ಅಂದ್ಲು."

ಕೃಷ್ಣ ಎಷ್ಟು ಹೇಳಿದನೋ, ಏನು ಬಿಟ್ಟನೋ. ಅವನ ಮಾತು ಅಜ್ಜಿಯದಕ್ಕಿಂತ ತುಂಬಾ ಗಿಡ್ಡಗಿತ್ತು. ಕೊನೆಗೆ ಮೂರು ಬೆರಳೆತ್ತಿ, ಒಂದನ್ನು ಮಡಿಚಿ, ಮತ್ತೆ ಬಿಡಿಸಿ ತೋರಿಸಿದ. ಮಾಯಮ್ಮ ಆ ಬೆರಳನ್ನೇ ನೋಡುತ್ತ ಕೂತಳು.

ಗೋವಿಂದಮ್ಮ ಎದ್ದು ಒಳಗೆ ಹೋದಳು. ಹೇಗೂ ಹೋಗುವುದಾದರೆ ಗಲೀಜು ಬಿಟ್ಟು ಹೋಗಬಾರದು. ಒಲೆಯ ಮೇಲೆ ಸೀದು ಕರ್ರಗೆ ಹತ್ತಿದ್ದ ಹಾಲನ್ನು ಕೆರೆದು, ನೀರು ಹಾಕಿ ಉಜ್ಜಿ, ಒರೆಸಿದಳು. ಕಟ್ಟೆ ತೊಳೆದಳು. ಪಾತ್ರೆಯ ಹೊರಮೈ ತಿಕ್ಕುವಾಗ ಬಾಗಿಲಲ್ಲಿ ನೆರಳಾಯಿತು. ಮಾಯಮ್ಮ ಹೊಸ್ತಿಲ ಮೇಲೆ ಕೈಯಾನಿಸಿ ನಿಂತಿದ್ದಳು. ಪಾತ್ರೆಯತ್ತ ಬೆರಳು ಮಾಡಿ ಏನೋ ಕೇಳಿದಳು. ಭಾಷೆ ತಿಳಿಯದಿದ್ದರೂ ಗೋವಿಂದಮ್ಮ ಪಾತ್ರೆಯನ್ನು ಬಾಗಿಲಿಗೆ ಒಯ್ದು, ಬಗ್ಗಿಸಿ ತೋರಿಸಿದಳು.

ಅರ್ಧಕ್ಕಿಂತ ಹೆಚ್ಚು ಹಾಲು ಹಾಗೇ ಇತ್ತು. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು.

ಮಾಯಮ್ಮ ಬಹಳ ಹೊತ್ತು ನೋಡಿದಳು. ಹತ್ತು ವರ್ಷದಿಂದ ಅವಳ ಕಣ್ಣಿನಲ್ಲಿ ಹಾಲು ಉಕ್ಕುತ್ತಲೇ ಇತ್ತೇನೋ. ಉಳಿದದ್ದನ್ನು ಅವಳು ನೋಡಿದ್ದಿಲ್ಲ.

"ಉಕ್ಕಿದ್ದು ಒಲೆಗೆ. ಇದು ಮನೇವ್ರಿಗೆ," ಎಂದಳು ಗೋವಿಂದಮ್ಮ. ಕುಡಿಯುವಂತೆ ಕೈ ಮಾಡಿ, ಸಕ್ಕರೆ ಡಬ್ಬ ತೋರಿಸಿದಳು.

ಮಾಯಮ್ಮ ಒಳಗೆ ಬಂದು ಗೂಡಿನಿಂದ ಲೋಟ ಇಳಿಸತೊಡಗಿದಳು. ಒಂದು. ಎರಡು. ಅಂಗಳದ ಕಡೆ ನೋಡಿ, ಪವಿತ್ರಳಿಗೆ ಒಂದು. ಸ್ವಲ್ಪ ತಡೆದು, ಗೂಡಿನ ಮೂಲೆಯಿಂದ ಒಂದು ಕಂಚಿನ ಲೋಟ ತೆಗೆದಳು. ಅದರ ಒಳಗೆ ಧೂಳಿತ್ತು. ಸೆರಗಿನಲ್ಲಿ ಒರೆಸಿ ಸಾಲಿನ ಕೊನೆಗಿಟ್ಟಳು. ಗೋವಿಂದಮ್ಮ ಏನೂ ಕೇಳದೆ ನಾಲ್ಕಕ್ಕೂ ಸಮನಾಗಿ ಹಾಲು ಹುಯ್ದಳು.

ಮಾಯಮ್ಮ ತನ್ನ ಲೋಟದಿಂದ ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡಳು. ಆಮೇಲೆ ಕಂಚಿನ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಏಣಿಮೆಟ್ಟಿಲ ಬಳಿ ಹೋದಳು. ಒಂದೊಂದೇ ಮೆಟ್ಟಿಲು. ನಡುವೆ ನಿಂತಳು, ಮತ್ತೆ ಹತ್ತಿದಳು. ಮೇಲೆ ತಗಡಿನ ಮಾಡಿನ ಕೆಳಗೆ ಅವಳ ಕಾಲ ಸದ್ದು ಅತ್ತಿಂದಿತ್ತ ಹೋಯಿತು. ಕೆಳಗೆ ಪವಿತ್ರ ಅಜ್ಜಿಯ ಕೈ ಹಿಡಿದುಕೊಂಡು ನಿಂತಿದ್ದಳು. ಬಾಗಿಲಲ್ಲಿ ಕೃಷ್ಣ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ.

ಇಳಿದು ಬಂದಾಗ ಲೋಟ ಖಾಲಿಯಿತ್ತು. ಅವಳೇ ಕುಡಿದಳೋ, ಅಲ್ಲಿ ಸುರಿದು ಬಂದಳೋ, ಗೋವಿಂದಮ್ಮ ಕೇಳಲಿಲ್ಲ. ಲೋಟ ಇಸಿದುಕೊಂಡು ತೊಳೆದಿಟ್ಟಳು.

ಮಾಯಮ್ಮ ಅಂಗಳದಲ್ಲಿದ್ದ ಗಂಟನ್ನು ನೋಡಿ ಕೃಷ್ಣನಿಗೆ ಬಿರುಸಾಗಿ ಏನೋ ಅಂದಳು. ಅವನು ನಗಲೋ ಬೇಡವೋ ಎಂದು ಬಾಯಿ ಬಿಗಿಹಿಡಿದು ಹೇಳಿದ: "ಅಷ್ಟು ಗಂಟು ಯಾಕೆ ಹಾಕಿದ್ದಾರೆ, ಬಿಚ್ಚೋಕೆ ಬೆಳಗಾಗ್ತದೆ ಅಂತಾರೆ. ನಾಳೆ ಹಾಲಿನವನಿಗೆ ಒಂದು ಪ್ಯಾಕೆಟ್ ಹೇಳ್ಬೇಕಂತೆ. ಆದ್ರೆ ಅದು ಕಾಯೋ ತನಕ ಒಲೆ ಮುಂದೆ ನೀವೇ ನಿಂತಿರ್ಬೇಕಂತೆ. ಮೂರು ತಿಂಗಳೂ. ಆಕಡೆ ಈಕಡೆ ಹೋಗೋ ಹಾಗಿಲ್ಲ."

"ನಿಂತಿರ್ತೀನಿ ಅನ್ನು."

ಪವಿತ್ರಳ ಫೋನ್ ಆಗಲೇ ಕೂಗಿತು. ರಾಜೇಂದ್ರ. ಹುಡುಗಿ ಅದನ್ನು ಅಜ್ಜಿಯ ಕೈಗೆ ಕೊಟ್ಟಳು.

"ಅವ್ವ, ನಾಡಿದ್ದಿಗೆ ಹದಿನೈದು ದಿನ. ಜಾಗ ಸಿಕ್ತಾ, ಇಲ್ವಾ?"

"ಸಿಕ್ತು ಕಣ್ಲಾ. ಆಲೂ ಉಕ್ಸಿದ್ದಾಯ್ತು."

"ಓನರು ಹೆಂಗವ್ರೆ? ಎಷ್ಟ್ ಜನ?"

ಗೋವಿಂದಮ್ಮ ಒಳಗೆ ನೋಡಿದಳು. ಮಾಯಮ್ಮ ನೆಲದ ಮೇಲೆ ಕೂತು, ಬಾಗಿಲಲ್ಲಿ ಚೆಲ್ಲಿದ್ದ ಬತ್ತಿಗಳನ್ನು ಒಂದೊಂದಾಗಿ ಆಯ್ದು ಬುಟ್ಟಿಗೆ ಹಾಕುತ್ತಿದ್ದಳು.

"ಇಬ್ರವ್ರೆ," ಎಂದಳು. "ತಡಿ, ಬತ್ತಿ ಎಲ್ಲ ಚೆಲ್ಲೋಗದೆ. ಆಯ್ಕೊಟ್ಟು ಮಾತಾಡ್ತೀನಿ."